ಬರಿಗೈ ನಡಿಗೆ

ಅಕ್ಕೋಳದಲ್ಲಿ ಮನೆಮನೆಗೆ ನಳ ಬರುವ ಮೊದಲಿನ ಮಾತಿದು. ನಸುಕು ಹರಿಯುತ್ತಲೇ ಓಣಿಯ ಹೆಂಗಸರು ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ಊರಾಚೆಯ ಬಾವಿಗೆ ಹೋಗುತ್ತಿದ್ದರು. ಹೋಗುವಾಗ ಬಳೆಗಳ ಸದ್ದು, ಮಾತು, ನಗು. ಬರುವಾಗ ಹೊರೆಯ ಕೆಳಗಿನ ಮೌನ. ಚನ್ನವ್ವ ಒಲೆಯ ಮುಂದೆ ಕುಳಿತೇ ಯಾರ ಸೊಸೆ ಹೋದಳು, ಯಾರ ಮಗಳು ಬಂದಳು ಎಂದು ಹೆಜ್ಜೆಯ ಸಪ್ಪಳದಿಂದಲೇ ಹೇಳುತ್ತಿದ್ದಳು. ಎಲ್ಲರ ಹೆಜ್ಜೆಯೂ ಮನೆ ಸೇರಿದ ಮೇಲೆ ಬಾರದೆ ಉಳಿಯುತ್ತಿದ್ದದ್ದು ಅವಳ ಸೊಸೆ ತಾರವ್ವನದೊಂದೇ.

ಅಂದೂ ಹಾಗೆಯೇ ಆಯಿತು. ಎಸರಿಡಲು ನೀರಿಲ್ಲದೆ ಚನ್ನವ್ವ ಕೈಕಟ್ಟಿ ಕುಳಿತಿದ್ದಳು. ನಡುಗೋಡೆಯಾಚೆಯ ಸಕ್ಕುಬಾಯಿ ತನ್ನ ಅಂಗಳಕ್ಕೆ ಸಗಣಿನೀರು ಹೊಡೆಯುತ್ತ ಕೇಳಿದಳು.

“ಚನ್ನವ್ವಕ್ಕಾ, ಇನ್ನೂ ಬಂದಿಲ್ಲೇನ ನಿನ್ನ ಸೊಸಿ? ದಾರ್ಯಾಗ ಗೋಡಿ ಹಿಡಕೊಂಡು ನಿಂತಿದ್ಳು. ಯಾಕವ್ವಾ ಅಂದ್ರ, ನೀವು ಹೋಗ್ರಿ, ಬರ್ತೇನಿ ಅಂದ್ಳು.”

“ನಿಲ್ಲಾಕ ಅಕಿಗೆ ಒಂದ ಗೋಡಿ ಸಿಕ್ರ ಸಾಕು,” ಎಂದಳು ಚನ್ನವ್ವ.

ತಾರವ್ವ ಬಂದಾಗ ಬಿಸಿಲು ಅಂಗಳಕ್ಕೆ ಇಳಿದಿತ್ತು. ಕೊಡ ಇಳಿಸಿ ಹೊಸ್ತಿಲ ಪಕ್ಕದಲ್ಲೇ ಕುಳಿತಳು. ಎದೆ ತಿದಿಯಂತೆ ಏರಿಳಿಯುತ್ತಿತ್ತು. ಕೆನ್ನೆಗಳೆರಡೂ ಕೆಂಪಾಗಿದ್ದವು. ಆ ಕೆಂಪನ್ನು ನೋಡಿ ಓಣಿಯವರೆಲ್ಲ, ಹುಡುಗಿ ಉಂಡುಟ್ಟು ಚೆನ್ನಾಗಿದ್ದಾಳೆ, ಆದರೆ ಮೈಗಳ್ಳಿ ಎಂದೇ ತಿಳಿದಿದ್ದರು.

ಗಂಡ ಸತ್ತ ಮೇಲೆ ಚನ್ನವ್ವ ಒಬ್ಬಳೇ ನಿಂತು ಕಬ್ಬಿನ ಹೊಲ ನೋಡಿಕೊಂಡಿದ್ದಳು, ಒಬ್ಬನೇ ಮಗ ಭರಮುವನ್ನು ಬೆಳೆಸಿದ್ದಳು. ಬಲಗೈಯಲ್ಲಿ ಬಾರುಕೋಲು, ಎಡಗೈಯಲ್ಲಿ ಕೂಸು ಹಿಡಿದು ದುಡಿದವಳು. ಅಂಥವಳ ಮನೆಗೆ ರಾಯಬಾಗದ ಕಡೆಯಿಂದ ಬಂದ ಸೊಸೆ, ಮೆಟ್ಟಿಲು ಹತ್ತಿದರೆ ಕೂರುತ್ತಿದ್ದಳು, ಬಟ್ಟೆ ಒಗೆದರೆ ಕೂರುತ್ತಿದ್ದಳು. ತವರಿನಲ್ಲಿ ಹೆಣ್ಣುಕೂಸು ಹೆತ್ತು ಮರಳಿದ ಮೇಲಂತೂ ಮಲಗಲೂ ಎರಡು ದಿಂಬು ಬೇಡತೊಡಗಿದ್ದಳು. ಬಾಣಂತನ ಸರಿಯಾಗಿ ಆಗಲಿಲ್ಲವೆಂದು ಭರಮು ಗೊಣಗಿದಾಗ, “ನನಗ ಯಾರ ಮಾಡಿದ್ರು? ಹಡದ ವಾರಕ್ಕ ಕಳೆ ತಗಿಯಾಕ ಹೋಗಿದ್ನಿ,” ಎಂದು ಚನ್ನವ್ವ ಮಾತು ಮುಗಿಸಿದ್ದಳು.

ಮಂಗಸೂಳಿಯಲ್ಲಿದ್ದ ಅವಳ ತಮ್ಮ ಮುರಗೆಪ್ಪ ಆ ವರ್ಷ ದೀಪಾವಳಿಗೆ ಬಂದಾಗ ಒಂದು ಮಾತು ಎತ್ತಿದ್ದ. ಅವನ ಹಿರಿಯ ಮಗಳು ಮದುವೆಯ ವಯಸ್ಸಿಗೆ ಬಂದಿದ್ದಳು. ಭರಮುಗೆ ಗಂಡುಸಂತಾನವಿಲ್ಲ, ಇರುವ ಹೆಂಡತಿಯಿಂದ ಮನೆ ನಡೆಯುವುದಿಲ್ಲ. ಒಬ್ಬಳಿರುವಾಗಲೇ ಇನ್ನೊಬ್ಬಳನ್ನು ತರುವ ಸಂಬಂಧಗಳು ಆಗ ಆ ಕಡೆ ಅಪರೂಪವಾಗಿರಲಿಲ್ಲ. ಚನ್ನವ್ವ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. “ಕಬ್ಬು ಕಡದ ಮ್ಯಾಲ ನೋಡೂಣು,” ಎಂದಿದ್ದಳು. ತಾರವ್ವ ಅಡುಗೆಮನೆಯಲ್ಲಿ ಆ ಮಾತು ಕೇಳಿಸಿಕೊಂಡಳೋ ಇಲ್ಲವೋ, ಹೊರಬಂದು ಎಲ್ಲರಿಗೂ ಊಟಕ್ಕೆ ಬಡಿಸಿದಳು.

ಕಬ್ಬು ಕಡಿಯುವ ದಿನಗಳಲ್ಲೇ ಒಮ್ಮೆ ಹೊಲಕ್ಕೆ ಬುತ್ತಿ ಒಯ್ದ ತಾರವ್ವ ಬದುವಿನ ಮೇಲೆ ಕೂತುಬಿಟ್ಟಳು. ಕೆಮ್ಮು ಹತ್ತಿತು. ಸೆರಗಿನಲ್ಲಿ ಒರೆಸಿಕೊಂಡಾಗ ಅದರಲ್ಲಿ ಕೆಂಪು ಕಂಡಿತು. ಭರಮು ಕುಡುಗೋಲು ಅಲ್ಲೇ ಬಿಸಾಕಿ, ಅವಳನ್ನು ಎತ್ತಿನಗಾಡಿಯಲ್ಲಿ ಮಲಗಿಸಿಕೊಂಡು ಮನೆಗೆ ತಂದ. ಮರುದಿನ ತಾಯಿಯನ್ನೂ ಕರೆದುಕೊಂಡು ನಿಪ್ಪಾಣಿಯ ತವನಪ್ಪ ಡಾಕ್ಟರ ಬಳಿ ಹೋದ. ಕ್ಷಯವಿರಬಹುದೆಂದು ಚನ್ನವ್ವನಿಗೆ ಅಂಜಿಕೆ ಇತ್ತು. ಕೂಸನ್ನು ಅದರ ತಾಯಿಯಿಂದ ದೂರ ಇಡಬೇಕೇನೋ ಎಂದು ಕೇಳಲೆಂದೇ ಅವಳೂ ಹೊರಟಿದ್ದಳು.

ತವನಪ್ಪ ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. ತಾರವ್ವನನ್ನು ಎಡಮಗ್ಗುಲಿಗೆ ಮಲಗಿಸಿ, ಕಣ್ಣು ಮುಚ್ಚಿ ಬಹಳ ಹೊತ್ತು ಎದೆಯ ಸದ್ದು ಕೇಳಿದರು. ಆಮೇಲೆ ಕೇಳಿದರು.

“ಸಣ್ಣಾಕಿ ಇದ್ದಾಗ ಕೀಲು ಬಾತು ಜ್ವರ ಬಂದಿತ್ತೇನವ್ವಾ? ಇವತ್ತು ಮೊಣಕಾಲು, ನಾಳೆ ಮೊಣಕೈ, ಹಂಗ?”

“ಬಂದಿತ್ರಿ,” ಎಂದಳು ತಾರವ್ವ. “ಸಾಲಿ ಬಿಟ್ಟದ್ದ ಅದಕ್ಕ. ಆಮ್ಯಾಲ ತಾನ ಇಳೀತ್ರಿ.”

“ಕೀಲಿನಾಗಿಂದು ಇಳೀತು. ಹೃದಯದಾಗ ಉಳೀತು.” ಡಾಕ್ಟರು ಭರಮುವಿನ ಕಡೆ ತಿರುಗಿದರು. “ಹೃದಯದಾಗ ಒಂದು ಬಾಗಿಲ ಐತಿ, ತಮ್ಮಾ. ರಕ್ತ ಅದರಾಗಿಂದ ದಾಟಬೇಕು. ಈಕಿ ಬಾಗಿಲ ದಪ್ಪಾಗಿ ಅಂಟಿಕೊಂಡೈತಿ, ಸಂದಿಯಷ್ಟ ತೆರೀತೈತಿ. ದುಡದ್ರ ರಕ್ತ ಪುಪ್ಪುಸದಾಗ ನಿಂತು ದಮ್ಮು ಹತ್ತತೈತಿ. ಇದು ಕ್ಷಯ ಅಲ್ಲ, ಮೈಗಳ್ಳತನಾನೂ ಅಲ್ಲ. ಔಷಧದಿಂದ ಬಾಗಿಲ ತೆರಿಯೂದಿಲ್ಲ. ಮಿರಜಿಗೆ ಒಯ್ಯಬೇಕು, ಆಪರೇಷನ್ ಆಗಬೇಕು. ಅದಾಗೂತನ ಇನ್ನೊಂದು ಬಸುರು ಬ್ಯಾಡ. ಮೊದಲನೇದರಾಗ ಬದುಕಿದ್ದ ದೊಡ್ಡದು.”

ಭರಮು ತಲೆಯಾಡಿಸಿದ.

ತಿರುಗಿ ಬರುವಾಗ ಬಸ್ಸಿನ ಕಿಟಕಿಯಿಂದ ತಂಬಾಕಿನ ಘಾಟು ಬರುತ್ತಿತ್ತು. ಚನ್ನವ್ವನಿಗೆ ಮೂವತ್ತು ವರ್ಷದ ಹಿಂದಿನ ಮಂಗಸೂಳಿ ಕಣ್ಣ ಮುಂದೆ ನಿಂತಿತು. ತಂಗಿ ಕೆಂಚವ್ವ. ಉದ್ದ ಜಡೆ, ಸಣ್ಣ ದನಿ. ಕೆಂಚವ್ವನಿಗೂ ಮೊಣಕಾಲು ಬಾತು ಜ್ವರ ಬಂದಿತ್ತು. ಅವ್ವ ಎಕ್ಕೆಯ ಎಲೆ ಕಾಯಿಸಿ ಕಟ್ಟಿದ್ದಳು. ಬಾವು ಇಳಿದ ಮೇಲೆ ಕೆಂಚವ್ವ ಮೊದಲಿನ ಹಾಗೆ ಓಡಲೇ ಇಲ್ಲ. ಹಳ್ಳದ ಏರಿ ಹತ್ತುವಾಗ ನಡುವೆ ಕೂರುತ್ತಿದ್ದಳು. ಅಪ್ಪ ಬೈಯುತ್ತಾನೆಂದು ಚನ್ನವ್ವ ತನ್ನ ಕೊಡ ಏರಿಯ ಮೇಲಿಟ್ಟು, ಮತ್ತೆ ಇಳಿದು ತಂಗಿಯ ಕೊಡವನ್ನೂ ಹೊತ್ತು ತರುತ್ತಿದ್ದಳು. ಊರಬಾಗಿಲಾದ ಅಗಸಿ ಹತ್ತಿರ ಬಂದಾಗ ಕೊಡವನ್ನು ತಂಗಿಯ ತಲೆಗೇರಿಸಿ, ಇಬ್ಬರೂ ಸಮನಾಗಿ ಮನೆಯೊಳಗೆ ಹೋಗುತ್ತಿದ್ದರು. ಮದುವೆಯಾಗಿ ಅಥಣಿ ಕಡೆ ಹೋದ ಕೆಂಚವ್ವ ಚೊಚ್ಚಲ ಹೆರಿಗೆಯಲ್ಲಿ ಉಸಿರು ಸಿಗದೆ ಹೋದಳು. ಗಾಳಿ ಸೋಕಿತ್ತು ಎಂದರು.

ತಂಗಿಯ ಕೊಡ ಹೊತ್ತ ತಲೆ ತನ್ನದೇ. ಸೊಸೆಯ ಕೊಡ ಯಾಕೆ ಹೊರಲಿಲ್ಲ? ಬಸ್ಸು ಅಕ್ಕೋಳ ಮುಟ್ಟಿತು. ಬಸ್ಸಿಳಿಯುವಾಗ ತಾರವ್ವನ ಬಗಲಲ್ಲಿದ್ದ ಕೂಸನ್ನು ಚನ್ನವ್ವ ತಾನೇ ಎತ್ತಿಕೊಂಡಳು.

ಸುದ್ದಿ ತಿಳಿದು ಮುರಗೆಪ್ಪ ಬಂದ. ಪಕ್ಕದ ಮನೆಯ ಮಾಯಪ್ಪನೂ ಬಂದು ಕಟ್ಟೆಯ ಮೇಲೆ ಕುಳಿತ. ಮಾಯಪ್ಪ ಸಕ್ಕುಬಾಯಿಯ ಗಂಡ. ಹಿಂದೆ ಕುಸ್ತಿ ಆಡಿದ ಮೈ, ಧೋತರದ ಚುಂಗು ಹಿಡಿದು ನಡೆದರೆ ಓಣಿ ದಾರಿ ಬಿಡುತ್ತಿತ್ತು.

ಮುರಗೆಪ್ಪ ಕೆಟ್ಟವನಲ್ಲ. ತನಗೆ ತೋಚಿದ ನ್ಯಾಯವನ್ನೇ ಹೇಳಿದ.

“ಯಕ್ಕಾ, ನಾ ಆ ಹುಡಿಗಿಗೆ ಕೇಡು ಬಯಸೂದಿಲ್ಲ. ಆದ್ರ ವಿಚಾರ ಮಾಡು. ಎದಿ ಕೊಯ್ಸಿಕೊಂಡು ಬಂದಾಕಿ ನೀರು ಹೊರತಾಳೇನ? ಹೊಲಕ್ಕ ಬರ್ತಾಳೇನ? ತವರಿಗೆ ಕಳಸು, ಅಲ್ಲೆ ಆರಾಮ ಇರಲಿ, ಕಾಳುಕಡಿ ಕೊಡೂಣು. ಭರಮೂಂದ ವಯಸ್ಸು ಸಣ್ಣದು.”

“ನನ್ನ ಕಾಲು ಮುರದ್ರ ನನ್ನೂ ಎಲ್ಲೆರೆ ಕಳಸ್ತಿದ್ದೇನ, ಮಾವಾ?” ಎಂದ ಭರಮು. ಅವನು ಹಿರಿಯರೆದುರು ಹಾಗೆ ಮಾತಾಡಿದ್ದು ಅದೇ ಮೊದಲು.

“ಗಂಡಸರ ಮಾತು ಬ್ಯಾರೆ, ತಮ್ಮಾ,” ಎಂದ ಮಾಯಪ್ಪ.

ಎಲ್ಲರೂ ಚನ್ನವ್ವನತ್ತ ನೋಡಿದರು. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತದೆ ಹೇಳಿದಳು.

“ಕೂಸನ್ನ ಬೀಗ್ತಿ ಕಡೆ ರಾಯಬಾಗಕ್ಕ ಬಿಟ್ಟು ಬಾ, ಭರಮು. ಮಿರಜಿಗೆ ನಾನೂ ಬರ್ತೇನಿ.”

ಮಿರಜು ಆಗ ಆ ಸೀಮೆಯವರಿಗೆಲ್ಲ ದೊಡ್ಡ ಭರವಸೆ. ಕಾಗವಾಡ, ಅಥಣಿ, ರಾಯಬಾಗದ ಜನ ಬುತ್ತಿ, ಕಂಬಳಿ ಕಟ್ಟಿಕೊಂಡು ಅಲ್ಲಿಗೆ ಬರುತ್ತಿದ್ದರು. ಬಸ್‌ಸ್ಟ್ಯಾಂಡಿನಿಂದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ತಂಬೂರಿ ಮಾಡುವವರ ಅಂಗಡಿಯೊಂದರ ಮುಂದೆ ತಾರವ್ವ ದಮ್ಮು ಹತ್ತಿ ನಿಂತಳು. ಒಳಗೆ ಯಾರೋ ತಂತಿ ಬಿಗಿದು ಶ್ರುತಿ ನೋಡುತ್ತಿದ್ದರು. ಒಂದೇ ಸ್ವರ ಮತ್ತೆ ಮತ್ತೆ ಬರುತ್ತಿತ್ತು. ಚನ್ನವ್ವ ಅವಸರ ಮಾಡಲಿಲ್ಲ. ಗಂಟು ಇಳಿಸಿ ಅವಳೂ ನಿಂತು ಕೇಳಿದಳು. ಅತ್ತೆ ತನಗಾಗಿ ನಿಂತದ್ದು ತಾರವ್ವನಿಗೆ ಹೊಸದು. ಅವಳು ಮಗ್ಗುಲಿಗೆ ತಿರುಗಿ ಅತ್ತೆಯನ್ನು ನೋಡಿದಳು.

ಆಸ್ಪತ್ರೆಯಲ್ಲಿ ಕೂಡಲೇ ಕೊಯ್ಯಲಿಲ್ಲ. ಮೊದಲು ಎದೆಯ ಫೋಟೋ, ರಕ್ತದ ಪರೀಕ್ಷೆ, ಹಲ್ಲಿನ ಪರೀಕ್ಷೆ. ಆಮೇಲೆ ಉಸಿರಿನ ಪಾಠ. ನೀರು ತುಂಬಿದ ಎರಡು ಬಾಟಲಿಗಳ ನಡುವೆ ನಳಿಕೆ ಕಟ್ಟಿ, ಒಂದರ ನೀರನ್ನು ಊದಿ ಇನ್ನೊಂದಕ್ಕೆ ಸಾಗಿಸಬೇಕು. ದಿಂಬನ್ನು ಎದೆಗೆ ಅಪ್ಪಿ ಹಿಡಿದು ಕೆಮ್ಮುವುದನ್ನು ಕಲಿಯಬೇಕು. ಮರಾಠಿ, ಕನ್ನಡ ಬೆರೆಸಿ ಮಾತಾಡುವ ನರ್ಸಬಾಯಿಯೊಬ್ಬಳು ಎಲ್ಲವನ್ನೂ ತೋರಿಸಿಕೊಟ್ಟಳು.

“ಆಪರೇಷನ್ ಆದ ಮ್ಯಾಲ ಕೆಮ್ಮಾಕ ಅಂಜತಾರ, ಕಫ ಒಳಗ ಉಳದು ಜ್ವರ ಬರತೈತಿ. ಈಗ ಕಲ್ತ್ರ ಆಗ ನೆನಪಿರತೈತಿ. ಎಡಗಡೆ ಮಲಿ ಕೆಳಗಿಂದ ಬೆನ್ನಿನತನ ಕೊಯ್ತಾರ, ಪಕ್ಕೆಲಬಿನ ಸಂದ್ಯಾಗಿಂದ ಒಳಗ ಹೋಗಿ ಆ ಬಾಗಿಲ ಬಿಡಸ್ತಾರ. ಘಾಬರೂ ನಕಾ, ಅಂಜಬ್ಯಾಡ, ಮಾವಶಿ,” ಎಂದು ಅವಳು ಚನ್ನವ್ವನಿಗೆ ಹೇಳಿದಳು. ತಾರವ್ವನಿಗಿಂತ ಚನ್ನವ್ವನ ಮುಖವೇ ಬಿಳಿಚಿತ್ತು.

ತಾರವ್ವ ಊದುವಾಗ ಚನ್ನವ್ವ ಮಂಚದ ಕೆಳಗೆ ಕುಳಿತು ತಾನೂ ಕೆನ್ನೆ ಉಬ್ಬಿಸುತ್ತಿದ್ದಳು. ಒಮ್ಮೆ ಅದನ್ನು ಕಂಡು ತಾರವ್ವನಿಗೆ ನಗು ಬಂತು, ನಕ್ಕು ದಮ್ಮು ಹತ್ತಿತು. ಮದುವೆಯಾಗಿ ಬಂದ ಮೇಲೆ ಅತ್ತೆಯೆದುರು ಅವಳು ಬಾಯಿ ಬಿಟ್ಟು ನಕ್ಕದ್ದು ಆಗಲೇ.

ಆಪರೇಷನ್ನಿಗೆ ನಾಲ್ಕು ಬಾಟಲಿ ರಕ್ತ ತಯಾರಿರಬೇಕೆಂದು ಡಾಕ್ಟರು ಹೇಳಿದ್ದರು. ಯಾರ ರಕ್ತವಾದರೂ ಸರಿ, ಕೊಟ್ಟಷ್ಟನ್ನು ಹೊಂದುವ ರಕ್ತಕ್ಕೆ ಬದಲು ಮಾಡಿಕೊಳ್ಳುತ್ತಾರೆ. ಭರಮು ಊರಿಗೆ ಹೋಗಿ ಜನ ಕರೆತಂದ. ಮಾಯಪ್ಪ ಬಂದ, ಮುರಗೆಪ್ಪ ಬಂದ, ರಾಯಬಾಗದಿಂದ ತಾರವ್ವನ ಅಣ್ಣ ಜಕ್ಕಪ್ಪ ಬಂದ, ಓಣಿಯ ಇನ್ನೂ ಕೆಲವರು ಬಂದರು. ಖಾನಾವಳಿಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಂಡರು. ರಕ್ತ ತೆಗೆಯುವ ಕೋಣೆಯ ಮುಂದೆ ಬಂದಾಗ ಮಾತ್ರ ಒಬ್ಬೊಬ್ಬರಿಗೂ ಒಂದೊಂದು ನೆನಪಾಯಿತು. ಒಬ್ಬನಿಗೆ ಎಮ್ಮೆ ಈಯುವುದಿತ್ತು. ಇನ್ನೊಬ್ಬನಿಗೆ ಕಬ್ಬಿನ ಗಾಡಿ ಬರುವುದಿತ್ತು.

ಮಾಯಪ್ಪ ಮುಚ್ಚಿಡದೆ ಹೇಳಿದ. “ಚನ್ನವ್ವಕ್ಕಾ, ಸಿಟ್ಟಾಗಬ್ಯಾಡ. ರಕ್ತ ಅಂದ್ರ ಗಂಡಸಿನ ಕಸುವು. ಒಮ್ಮೆ ಹೋದ್ರ ತಿರುಗಿ ಬರೂದಿಲ್ಲ ಅಂತಾರ. ನಾ ದುಡದು ತಿನ್ನಾಂವ. ಭರಮೂಗ ಬೇಕಾಗಿದ್ರ ಕೊಡ್ತಿದ್ನಿ. ಹೆಣಮಗಳಿಗೆ...” ಮಾತು ಅಲ್ಲಿಗೇ ನಿಂತಿತು. ಧೋತರದ ಚುಂಗು ಹಿಡಿದು ಅವನು ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಭರಮು ಕೊಟ್ಟ, ಜಕ್ಕಪ್ಪ ಕೊಟ್ಟ. ಇನ್ನೆರಡು ಬಾಟಲಿ ಬೇಕಿತ್ತು. ಭರಮು ಕಿಟಕಿಯ ಕಟ್ಟೆಯ ಮೇಲೆ ತಲೆತಗ್ಗಿಸಿ ಕುಳಿತಿದ್ದ. ಚನ್ನವ್ವ ಎದ್ದು ಒಳಗೆ ಹೋದಳು.

“ಹೆಂಗಸರದು ನಡಿತೈತೇನ್ರಿ?” ಎಂದು ಕೇಳಿದಳು.

ಒಳಗಿದ್ದವನು ಕಾಗದದಿಂದ ತಲೆಯೆತ್ತಿದ. “ಯಾಕ ನಡ್ಯೂದಿಲ್ಲ? ಎಲ್ಲಾರದೂ ಕೆಂಪ ಇರತೈತಿ, ಬರ್ರಿ.”

ಅವಳ ಬೆರಳು ಚುಚ್ಚಿ ನೋಡಿದರು, ತೂಕ ನೋಡಿದರು, ಮಲಗಿಸಿದರು. ಸೂಜಿ ಹೋದಾಗ ಚನ್ನವ್ವ ಕಣ್ಣು ಮುಚ್ಚಲಿಲ್ಲ. ನಳಿಕೆಯಲ್ಲಿ ತನ್ನ ರಕ್ತ ಇಳಿಯುವುದನ್ನು, ಹೊಲಕ್ಕೆ ನೀರು ತಿರುವಿದಾಗ ಕಾಲುವೆ ನೋಡುವ ಹಾಗೆ ನೋಡುತ್ತ ಮಲಗಿದಳು. ಹೊರಗೆ ಬಂದಾಗ ಕೈಯಲ್ಲಿ ಅವರು ಕೊಟ್ಟ ಬಿಸ್ಕೀಟು, ಚಹಾ ಇದ್ದವು. ಮುರಗೆಪ್ಪ ಬಾಗಿಲಲ್ಲೇ ನಿಂತಿದ್ದ. ಅಕ್ಕನ ತೋಳಿಗೆ ಅಂಟಿಸಿದ ಹತ್ತಿ ನೋಡಿದ.

“ಯಕ್ಕಾ, ನೀ ಕೊಟ್ಟ್ಯಾ?”

“ಕೊಟ್ನಿ. ನಮ್ಮ ಕೆಂಚಿಗೂ ಇದ ಆಗಿತ್ತು, ಮುರಗ್ಯಾ. ಆಗ ನಮಗ ಗೊತ್ತಿರಲಿಲ್ಲ.”

ಕೆಂಚವ್ವ ಮುರಗೆಪ್ಪನನ್ನು ಬಗಲಲ್ಲಿ ಹೊತ್ತು ಬೆಳೆಸಿದವಳು. ಅವನು ಅಂಗಿಯ ತೋಳು ಮಡಿಸುತ್ತ ಒಳಗೆ ಹೋದ. ನಾಲ್ಕನೆಯ ಬಾಟಲಿ ಅವನದು. ಮಗಳ ಮಾತನ್ನು ಅವನು ಮತ್ತೆಂದೂ ಎತ್ತಲಿಲ್ಲ. ಮರುವರ್ಷ ಅವಳಿಗೆ ಕಾಗವಾಡದಲ್ಲಿ ಒಳ್ಳೆಯ ಮನೆಯೇ ಸಿಕ್ಕಿತು.

ಆಪರೇಷನ್ನಿನ ಬೆಳಿಗ್ಗೆ ತಾರವ್ವನಿಗೆ ತಲೆಗೆ ನೀರು ಹಾಕಿ ಎರಡು ಜಡೆ ಹೆಣೆದಳು ಚನ್ನವ್ವ. ಬಳೆ, ತಾಳಿ, ಕಾಲುಂಗುರ ತೆಗೆಯಬೇಕೆಂದರು. ತಾಳಿ ತೆಗೆಯಲು ತಾರವ್ವ ಅಳುಕಿದಾಗ ಚನ್ನವ್ವ ಅದನ್ನು ತಾನೇ ಬಿಚ್ಚಿ ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ಅತ್ತೀ, ನಾ ಬರದಿದ್ರ ಕೂಸನ್ನ...” ಎಂದಳು ತಾರವ್ವ.

“ಬರ್ತಿ,” ಎಂದಳು ಚನ್ನವ್ವ. ಸೆರಗಿನ ಗಂಟನ್ನು ಇನ್ನೊಮ್ಮೆ ಬಿಗಿದಳು.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಹೊರಬಂದು, ಹೃದಯದ ಬಾಗಿಲು ತೆರೆಯಿತು ಎಂದರು. ಭರಮು ಅವರ ಕಾಲಿಗೆ ಬೀಳಲು ಹೋದ, ಅವರು ತಡೆದರು. ತಾರವ್ವನನ್ನು ನೋಡಲು ಬಿಟ್ಟಾಗ, ಅವಳ ಪಕ್ಕೆಯಿಂದ ಹೊರಟ ನಳಿಕೆ ಮಂಚದ ಕೆಳಗಿನ ಬಾಟಲಿಯೊಳಗೆ ಇಳಿದಿತ್ತು. ಉಸಿರಾಡಿದಾಗಲೆಲ್ಲ ನಳಿಕೆಯ ನೀರು ಏರಿ ಇಳಿಯುತ್ತಿತ್ತು. ಚನ್ನವ್ವ ಅಲ್ಲೇ ನೆಲದ ಮೇಲೆ ಕುಳಿತು ಆ ನೀರನ್ನೇ ನೋಡುತ್ತಿದ್ದಳು. ಮಾರನೆಯ ದಿನ ನೋವಿಗೆ ಅಂಜಿ ತಾರವ್ವ ಕೆಮ್ಮದಾದಾಗ, ದಿಂಬನ್ನು ಅವಳ ಎದೆಗೆ ಒತ್ತಿ ಹಿಡಿದವಳು ಚನ್ನವ್ವನೇ. “ಕೆಮ್ಮು, ಯವ್ವಾ. ನಾ ಹಿಡದೇನಿ,” ಎಂದಳು. ಸೊಸೆಗೆ ಅವಳು ಯವ್ವಾ ಎಂದದ್ದು ಪಕ್ಕದ ಮಂಚದವರಿಗೆ ಸಹಜವಾಗಿಯೇ ಕೇಳಿಸಿತು. ತಾರವ್ವನ ಕಣ್ಣಲ್ಲಿ ನೀರು ಬಂದದ್ದು ನೋವಿಗೆ ಎಂದುಕೊಂಡರು.

ಮನೆಗೆ ಬಂದ ಮೇಲೆ ಚನ್ನವ್ವ ತನಗೆ ತಿಳಿದದ್ದನ್ನು ಮಾಡಹೊರಟಳು. ತಾರವ್ವನಿಗೆ ಆಗದೆ ಉಳಿದ ಬಾಣಂತನವನ್ನು ಈಗ ಮಾಡುವುದೆಂದು ನಿಶ್ಚಯಿಸಿದ್ದಳು. ಒಳಕೋಣೆಯಲ್ಲಿ ಹೊರಸು ಹಾಕಿದಳು, ಕಿಟಕಿಗೆ ಚೀಲ ಕಟ್ಟಿದಳು, ಅಂಟಿನ ಉಂಡಿ ಕಟ್ಟಿದಳು, ಅಳವಿ ಬೀಜದ ಪಾಯಸ ಕುದಿಸಿದಳು. ಆದರೆ ನರ್ಸಬಾಯಿ ಹೇಳಿ ಕಳಿಸಿದ್ದೇ ಬೇರೆ ಇತ್ತು. ಗಾಳಿ ಬೇಕು, ಉಪ್ಪು ಕಡಿಮೆ, ಉಪ್ಪಿನಕಾಯಿ ಹಪ್ಪಳ ಬೇಡ. ಎಡಗೈಯನ್ನು ಮೈಗೆ ಕಟ್ಟಿ ಇಡಬಾರದು, ದಿನಾ ಗೋಡೆಯ ಮೇಲೆ ಬೆರಳು ನಡೆಸಿ ಮೇಲಕ್ಕೆ ಎತ್ತಬೇಕು, ಇಲ್ಲದಿದ್ದರೆ ಭುಜ ಹಿಡಿದುಕೊಳ್ಳುತ್ತದೆ. ಕೊಡ ಎತ್ತಬಾರದು, ಕೂಸನ್ನು ಎತ್ತಬಾರದು. ಆ ಕೀಲುಜ್ವರ ಮರಳದಂತೆ ಮೂರು ವಾರಕ್ಕೊಮ್ಮೆ ನಿಪ್ಪಾಣಿಯಲ್ಲಿ ಸೂಜಿ ಮಾಡಿಸಬೇಕು, ಎಷ್ಟು ವರ್ಷವಾದರೂ ಬಿಡಬಾರದು. ಎಲ್ಲಕ್ಕಿಂತ ಮುಖ್ಯ, ದಿನಾ ನಡೆಯಬೇಕು.

ಚನ್ನವ್ವ ಎರಡು ದಿನ ಒದ್ದಾಡಿ ಕಿಟಕಿಯ ಚೀಲ ಬಿಚ್ಚಿದಳು. ಸೊಸೆಗೆ ಉಪ್ಪಿಲ್ಲದ ಸಾರು ಬೇರೆ ಕುದಿಸುವುದು ಬೇಸರವೆನಿಸಿ, ಆಮೇಲೆ ಎಲ್ಲರ ಸಾರಿಗೂ ಉಪ್ಪು ಇಳಿಸಿದಳು. ಭರಮು ಎರಡು ದಿನ ಮುಖ ಕಿವುಚಿ ಸುಮ್ಮನಾದ. ಉಂಡಿಗಳನ್ನು ಮಾತ್ರ ಚನ್ನವ್ವ ಬಿಡಲಿಲ್ಲ. ಡಾಕ್ಟರನ್ನು ಕೇಳಿಯೇ ತಿನಿಸಿದಳು.

ಕಷ್ಟವಾದದ್ದು ನಡೆಯುವುದು. ಆ ಕಾಲದಲ್ಲಿ ಹಳ್ಳಿಯ ಹೆಂಗಸು ಕೈಯಲ್ಲಿ ಏನೂ ಇಲ್ಲದೆ ಓಣಿಯಲ್ಲಿ ನಡೆದವಳಲ್ಲ. ಕೊಡವೋ, ಬುತ್ತಿಯೋ, ಹುಲ್ಲಿನ ಹೊರೆಯೋ, ಕೂಸೋ, ಏನಾದರೊಂದು ಇರಲೇಬೇಕು. ಕೆಲಸವಿಲ್ಲದೆ ತಿರುಗುವುದು ಗಂಡಸರ ಹಕ್ಕು. ಮೊದಲ ದಿನ ತಾರವ್ವ ಹೊಸ್ತಿಲವರೆಗೆ ಬಂದು ನಿಂತಳು.

“ಅತ್ತೀ, ಒಂದ ತಂಬಿಗೆರೆ ಕೊಡ್ರಿ. ಬರಿಗೈಲೆ ಹೆಂಗ ಹೋಗಲಿ?”

ಚನ್ನವ್ವ ತಂಬಿಗೆಯ ಕಡೆ ಕೈಚಾಚಿದವಳು ಹಿಂದಕ್ಕೆ ತೆಗೆದಳು. “ಬ್ಯಾಡ. ಸುಳ್ಳ ಹೇಳಿ ಯಾಕ ನಡೀಬೇಕು? ನಡಿ, ನಾನೂ ಬರ್ತೇನಿ.”

ಕೈಬೀಸಿಕೊಂಡು ಅತ್ತೆ ಸೊಸೆ ಓಣಿಯಲ್ಲಿ ಹೋಗುವುದನ್ನು ಅಕ್ಕೋಳ ಬಾಗಿಲಲ್ಲಿ ನಿಂತು ನೋಡಿತು. ಕಟ್ಟೆಯ ಮೇಲಿದ್ದ ಮಾಯಪ್ಪ ಕೇಳಿದ.

“ಎಲ್ಲಿಗೆ ಹೊಂಟ್ರಿ, ಚನ್ನವ್ವಕ್ಕಾ?”

“ಎಲ್ಲಿಗೂ ಇಲ್ಲ.”

“ಹಂಗಂದ್ರ?”

“ಹೋಗಿ ಬರ್ತೇವಿ,” ಎಂದಳು ಚನ್ನವ್ವ. ಹಿಂದೆ ನಗು ಕೇಳಿಸಿತು. ತಾರವ್ವ ತಲೆತಗ್ಗಿಸಿದಳು, ಚನ್ನವ್ವ ತಗ್ಗಿಸಲಿಲ್ಲ. ಆದರೆ ಅವಳಿಗೂ ಬರಿಗೈಯನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಒಮ್ಮೆ ಸೆರಗು ಸರಿಪಡಿಸಿದಳು, ಒಮ್ಮೆ ಕೈಕಟ್ಟಿದಳು, ಕಡೆಗೆ ಸೊಸೆಯ ಬಲಗೈ ಹಿಡಿದುಕೊಂಡಳು.

ಮೊದಲು ಅಗಸಿಯವರೆಗೆ, ಆಮೇಲೆ ಹುಣಸೆಮರದವರೆಗೆ, ಆಮೇಲೆ ಕಬ್ಬಿನ ಹೊಲದ ಬದುವಿನವರೆಗೆ ನಡಿಗೆ ಬೆಳೆಯಿತು. ಸಂಜೆಯ ಹೊತ್ತು, ದನಗಳು ಮರಳುತ್ತಿದ್ದವು. ಗುರಾಳವೆನ್ನುವ ಆಲೆಮನೆಯಲ್ಲಿ ಬೆಲ್ಲ ಕುದಿಯುವ ವಾಸನೆ ಗಾಳಿಯಲ್ಲಿರುತ್ತಿತ್ತು. ಯಾರದೋ ಮನೆಯ ರೇಡಿಯೋದಲ್ಲಿ ಸಾಂಗಲಿಯ ಮರಾಠಿ ಕಾರ್ಯಕ್ರಮ ಕೇಳಿಸುತ್ತಿತ್ತು. ದುಡಿಯುತ್ತಲೇ ಐವತ್ತು ವರ್ಷ ಸವೆಸಿದ ಚನ್ನವ್ವ ತನ್ನ ಊರಿನ ಸಂಜೆಯನ್ನು ಆವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ. ನಡೆಯುತ್ತ ಅವಳು ಹಳೆಯದನ್ನು ಹೇಳತೊಡಗಿದಳು. ಮಂಗಸೂಳಿಯ ಗುಡಿಯ ಮುಂದೆ ಭಂಡಾರ ಹಾರಿದಾಗ ಹಳದಿಯಾಗುತ್ತಿದ್ದ ಅಕ್ಕತಂಗಿಯರ ಜಡೆಗಳು, ದ್ರಾಕ್ಷಿಯ ತೋಟವಿನ್ನೂ ಬಾರದ ಬರೀ ಜೋಳದ ಹೊಲಗಳು, ಸಜ್ಜೆ ಕಾಯುವಾಗ ಅಟ್ಟದ ಮೇಲೆ ಹಾಡು ಹೇಳುತ್ತಿದ್ದ ಕೆಂಚವ್ವ. ಒಂದು ಸಂಜೆ ಹಳ್ಳದ ಏರಿಯ ಮಾತನ್ನೂ ಹೇಳಿದಳು. ಹೇಳಿ ಮುಗಿಸಿ, “ನಿನ್ನ ಕಂಡು ನನಗ ಆಕಿ ನೆನಪ ಆಗಬೇಕಿತ್ತು. ಆಗಲಿಲ್ಲ,” ಎಂದಳು.

ತಾರವ್ವ ಕೇಳಿದಳು.

“ಆಕಿ ಹಾಡು ಹೆಂಗಿತ್ರಿ, ಅತ್ತೀ?”

ಚನ್ನವ್ವನಿಗೆ ಒಂದು ಸಾಲಷ್ಟೇ ನೆನಪಿತ್ತು. ಅದನ್ನೇ ಒಡಕು ದನಿಯಲ್ಲಿ ಹೇಳಿದಳು.

ಬೇಸಿಗೆ ಹೋಗಿ ಮಳೆ ಬಂತು. ತಾರವ್ವನ ಕೈ ಗೋಡೆಯ ಮೇಲೆ ಪೂರ್ತಿ ಏರಿತು, ಕೆನ್ನೆಯ ಕೆಂಪು ಇಳಿಯಿತು. ಅವಳು ಕೂಸನ್ನು ಎತ್ತಿಕೊಂಡಳು. ಒಂದೇ ದಿಂಬಿನ ಮೇಲೆ ಮಲಗಿದಳು. ಓಣಿಯ ಹೆಂಗಸರು ಗಾಯ ನೋಡಲು ಬಂದರೆ ಮೊದಮೊದಲು ನಾಚುತ್ತಿದ್ದವಳು, ಆಮೇಲೆ ಸೆರಗು ಸರಿಸಿ ತೋರಿಸಿ, ತನಗೆ ಏನಾಗಿತ್ತು, ಯಾಕೆ ಆಗಿತ್ತು ಎಂದು ತಾನೇ ಹೇಳುತ್ತಿದ್ದಳು. ಸಂಜೆ ನಡೆಯುವ ರೂಢಿ ನಿಲ್ಲಲಿಲ್ಲ. ನಕ್ಕವರಿಗೂ ನಗು ಸಾಕಾಗಿತ್ತು. ಒಮ್ಮೊಮ್ಮೆ ಸಕ್ಕುಬಾಯಿಯೂ, ತಡಿ ಬಂದೆ ಎಂದು ಕೈ ಒರೆಸಿಕೊಂಡು ಸೇರಿಕೊಳ್ಳುತ್ತಿದ್ದಳು.

ಮರುವರ್ಷ ಶ್ರಾವಣದಲ್ಲಿ ಸಕ್ಕುಬಾಯಿಯ ಮಗಳು ಸತ್ತೆವ್ವ ಹಾಸಿಗೆ ಹಿಡಿದಳು. ಸಾಲೆಗೆ ಹೋಗುವ ಹುಡುಗಿ. ಗಂಟಲು ನೋವು ಬಂದು ಹೋಗಿತ್ತು. ಈಗ ಮೊಣಕಾಲು ಬಾತಿತ್ತು, ಮೈ ಕಾಯುತ್ತಿತ್ತು. ಮಾಯಪ್ಪ, “ಬೆಳ್ಯೂ ಹುಡಿಗಿ, ಕಾಲು ನೋಯತಾವ. ನಾಗರಪಂಚಮಿ ಆಗಲಿ, ನೋಡೂಣು,” ಎಂದು ಹೊಲಕ್ಕೆ ಹೋಗಿದ್ದ. ಅತ್ತೆಯೊಡನೆ ನೋಡಲು ಬಂದ ತಾರವ್ವ ಹುಡುಗಿಯ ಮೊಣಕಾಲು ಮುಟ್ಟಿದಳು, ಮೊಣಕೈ ಮುಟ್ಟಿದಳು. ಎದ್ದು ಬಂದು ಅತ್ತೆಯ ಮುಖ ನೋಡಿದಳು.

“ಸಕ್ಕೂ, ಈಗ ನಿಪ್ಪಾಣಿ ಬಸ್ಸ ಐತಿ. ತಾರಿನ್ನ ಕರಕೊಂಡು ಹೋಗು,” ಎಂದಳು ಚನ್ನವ್ವ. “ಡಾಕ್ಟರ್‌ಗೆ ಏನ ಹೇಳಬೇಕು ಅಕಿಗೆ ಗೊತ್ತೈತಿ. ಈಗ ಸೂಜಿ ಬಿದ್ರ ಎದಿಗೆ ಇಳಿಯೂದಿಲ್ಲ.”

“ಮನಿಯವರ್ನ ಕೇಳದ ಹೆಂಗ ಹೋಗಲಿ, ಅಕ್ಕಾ? ಆಳುಗೋಳ ರೊಟ್ಟಿ ಹನ್ನೆರಡಕ್ಕ ಹೊಲಕ್ಕ ಮುಟ್ಟಬೇಕು. ಒಲಿ ಮ್ಯಾಲ ಹಂಚು ಕಾದೈತಿ.”

“ಕಾದ ಹಂಚಿಗೆ ಯಾರ ಕೈ ಆದರೇನು?”

ಚನ್ನವ್ವ ಸೀರೆ ಎತ್ತಿ ಕಟ್ಟಿ, ಸಕ್ಕುಬಾಯಿಯ ಒಲೆಯ ಮುಂದೆ ಕುಳಿತು ಹಿಟ್ಟಿಗೆ ಕೈಹಾಕಿದಳು. ಸಕ್ಕುಬಾಯಿ ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ತಾರವ್ವ ಮುಂದೆ, ಅವಳು ಹಿಂದೆ, ಇಬ್ಬರೂ ಬಸ್ಸಿನ ದಾರಿ ಹಿಡಿದರು.

ಬುತ್ತಿ ಬಾರದ್ದು ನೋಡಿ ಮಾಯಪ್ಪನೇ ಸೈಕಲ್ಲು ತುಳಿದುಕೊಂಡು ಮನೆಗೆ ಬಂದ. ತನ್ನ ಒಲೆಯ ಮುಂದೆ ಚನ್ನವ್ವನನ್ನು ಕಂಡು ಬಾಗಿಲಲ್ಲೇ ನಿಂತ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ನಡೆದದ್ದನ್ನು ಹೇಳಿದಳು. ಮಿರಜಿನ ಮಾತಾಗಲಿ ರಕ್ತದ ಮಾತಾಗಲಿ ಅವಳ ಬಾಯಿಂದ ಬರಲಿಲ್ಲ. ಬಾರದ್ದರಿಂದಲೇ ಏನೋ, ಆ ದೊಡ್ಡ ಮೈಯ ಮನುಷ್ಯ ಚೌಕಟ್ಟಿಗೆ ಒರಗಿ ಕುಗ್ಗಿದ ಹಾಗೆ ಕಂಡ.

“ಎದಿಗೆ ಇಳದಿರಬಹುದೇನ, ಅಕ್ಕಾ?”

“ಅದು ಡಾಕ್ಟರ್ ಹೇಳಬೇಕು. ಲಗೂ ಹೋಗ್ಯಾರ, ಛಲೋ ಆಗತೈತಿ.”

“ನಾನೂ ಹೋಗ್ತೇನಿ. ಸೂಜಿ ಮಾಡುವಾಗ ಅಂಜತಾಳ ಅಕಿ.”

“ಹೋಗು. ಆಳುಗೋಳ ಬುತ್ತಿ ಭರಮು ಒಯ್ತಾನ.”

ಚನ್ನವ್ವ ಕೈಗೆ ಹತ್ತಿದ ಹಿಟ್ಟು ಒರೆಸಿಕೊಂಡು, ನಾಲ್ಕು ಬಿಸಿ ರೊಟ್ಟಿ, ಪಲ್ಯ ಬಟ್ಟೆಯಲ್ಲಿ ಕಟ್ಟಿ ಅವನ ಕೈಗಿಟ್ಟಳು. “ಮೂರೂ ಮಂದಿ ಏನೂ ತಿನ್ನದ ಹೋಗ್ಯಾರ,” ಎಂದಳು. ಮಾಯಪ್ಪ ಗಂಟನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ಸಿಕ್ಕಿಸಿ, ಧೋತರದ ಚುಂಗನ್ನು ಸೊಂಟಕ್ಕೆ ಬಿಗಿದು, ನಿಪ್ಪಾಣಿಯ ರಸ್ತೆ ಹಿಡಿದ. ಚನ್ನವ್ವ ತಿರುಗಿ ಬಂದು ಕೂತು, ಆರುತ್ತಿದ್ದ ಒಲೆಗೆ ಇನ್ನೊಂದು ಕಟ್ಟಿಗೆ ಮುಂದೂಡಿದಳು.